ಹಳೆಯ ಹಂಚಿನ ಮನೆ, ಒದ್ದೆ ಗೋಡೆ, ಕೈಯಲ್ಲಿ ನಾಲ್ಕು ಲಕ್ಷ: ಮೊದಲು ಯಾವ ಕೆಲಸ?

ಪ್ರಶ್ನೆ: ಇಷ್ಟು ವರ್ಷ ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದ ನಾವು ಕಳೆದ ಡಿಸೆಂಬರ್‌ನಲ್ಲಿ ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸುಮಾರು ಅರವತ್ತು ವರ್ಷದ ಹಂಚಿನ ಮನೆಯನ್ನು ಕೊಂಡಿದ್ದೇವೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಮಣ್ಣಿನ ಗಾರೆ, ಕೆಂಪು ರೆಡ್ ಆಕ್ಸೈಡ್ ನೆಲ. ವಿಸ್ತೀರ್ಣ 1,100 ಚದರಡಿ. ನಾಲ್ಕು ವರ್ಷ ಬೀಗ ಹಾಕಿದ್ದ ಮನೆ. ಒಳಗೋಡೆಗಳು ನೆಲದಿಂದ ಎರಡು-ಮೂರು ಅಡಿಯವರೆಗೆ ಕಪ್ಪಾಗಿ, ಸುಣ್ಣ ಉದುರಿ, ಬಿಳಿ ಪುಡಿ ಒಡೆದಿದೆ. ಮನೆಯೊಳಗೆ ಕತ್ತಲೆ, ಅಡುಗೆಮನೆಯ ಮೇಲೆ ಸೋರುತ್ತದೆ, ಎರಡು ಬಾಗಿಲುವಾಡಕ್ಕೆ ಒರಲೆ (ಗೆದ್ದಲು) ಹತ್ತಿದೆ. ಮನೆಯ ಹಿಂದೆ ಆರಡಿ ದೂರದಲ್ಲಿ ಹನ್ನೆರಡು ಅಡಿ ಎತ್ತರದ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇದೆ. ಗೋಡೆಯ ಹಳೆಯ ಗಾರೆಯನ್ನೆಲ್ಲ ಕೆರೆದು ವಾಟರ್‌ಪ್ರೂಫ್ ಸೇರಿಸಿದ ಸಿಮೆಂಟ್ ಪ್ಲಾಸ್ಟರ್ ಮಾಡಿ, ನೆಲಕ್ಕೆ ಟೈಲ್ಸ್ ಹಾಕಿ, ಹಂಚಿನ ಮೇಲೆ ಶೀಟು ಹೊದೆಸಿ, ಒಳಗೆ ಪಿಒಪಿ ಸೀಲಿಂಗ್ ಕೊಟ್ಟರೆ ಮನೆ ಹೊಸದರಂತಾಗುತ್ತದೆ ಎಂದು ಮೇಸ್ತ್ರಿ ಹೇಳುತ್ತಾರೆ. ಇನ್ನು ಕೆಲವರು ಕೆಡವಿ ಆರ್‌ಸಿಸಿ ಕಟ್ಟಿಸಿ ಎನ್ನುತ್ತಾರೆ. ನಮ್ಮಲ್ಲಿರುವುದು ನಾಲ್ಕು ಲಕ್ಷ ರೂಪಾಯಿ. ಅತ್ತೆಗೆ ಎಪ್ಪತ್ನಾಲ್ಕು ವರ್ಷ, ಅಸ್ತಮಾ ಇದೆ. ಮಳೆಗಾಲಕ್ಕೆ ಮೊದಲು ಎಲ್ಲವನ್ನೂ ಮುಗಿಸಿ ಒಕ್ಕಲಾಗಬಹುದೇ? (ಮಾರ್ಚ್ ಮೂರನೆಯ ವಾರ ಬಂದ ಪತ್ರದ ಸಂಗ್ರಹ.)

ಉತ್ತರ: ಪತ್ರದ ಜೊತೆ ನೀವು ಕಳಿಸಿದ ಹನ್ನೊಂದು ಚಿತ್ರಗಳನ್ನು ನಾನು ಮತ್ತೆ ಮತ್ತೆ ನೋಡಿದೆ. ನಿಮ್ಮ ಕಳವಳವನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಇರುವ ಹಣ ಒಂದೇ ಸಲ ಖರ್ಚಾಗುವಷ್ಟಿದೆ, ತಪ್ಪು ಕೆಲಸಕ್ಕೆ ಹಾಕಿದರೆ ಮತ್ತೆ ಬರುವುದಿಲ್ಲ, ಮಳೆಗಾಲಕ್ಕೆ ಉಳಿದಿರುವುದು ಎರಡೂವರೆ ತಿಂಗಳು, ಮನೆಯಲ್ಲಿ ಉಸಿರಾಟದ ತೊಂದರೆಯ ಹಿರಿಯರಿದ್ದಾರೆ. ಇವೆಲ್ಲದರ ನಡುವೆ ನಿಮಗೆ ಕಾಣುತ್ತಿರುವುದು ಗೋಡೆ. ನನಗೆ ಕಾಣುತ್ತಿರುವುದು ನೀರು. ಮನೆಗೆ ನೀರು ಎಲ್ಲೆಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡಿ ಈ ವರ್ಷ ಅದನ್ನು ನಿಲ್ಲಿಸಿ, ಗೋಡೆಯನ್ನು ಬರುವ ನವೆಂಬರ್‌ವರೆಗೆ ಮುಟ್ಟದೇ ಬಿಡಿ ಎಂಬುದು ನನ್ನ ಸಲಹೆ. ಹೀಗೇಕೆ ಹೇಳುತ್ತೇನೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೇಸ್ತ್ರಿಯ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಏಕೆಂದರೆ ಇಪ್ಪತ್ತೈದು ವರ್ಷಗಳ ಹಿಂದೆ ನಾನೂ ಅದನ್ನೇ ಹೇಳಿ, ಅದನ್ನೇ ಮಾಡಿಸಿದ್ದೇನೆ. ತೀರ್ಥಹಳ್ಳಿ ಕಡೆಯ ಒಂದು ಮನೆ, ನಿಮ್ಮದರಂತೆಯೇ ಜಂಬಿಟ್ಟಿಗೆ, ಮಣ್ಣಿನ ಗಾರೆ. ನಾಲ್ಕಡಿ ಎತ್ತರಕ್ಕೆ ಸಿಮೆಂಟ್ ಪ್ಲಾಸ್ಟರ್ ಹೊಡೆಸಿ, ಒಳ್ಳೆಯ ಬಣ್ಣ ಬಳಿಸಿ, ಹೆಮ್ಮೆಯಿಂದ ಬಿಲ್ಲು ಕೊಟ್ಟು ಬಂದೆ. ಮೊದಲ ಮಳೆಗಾಲದಲ್ಲಿ ಏನೂ ಆಗಲಿಲ್ಲ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಮನೆಯವರು ಕರೆಸಿದರು. ನನ್ನ ಪ್ಲಾಸ್ಟರಿನ ಮೇಲಂಚಿನಿಂದ ಒಂದಡಿ ಮೇಲೆ, ಹಿಂದೆ ಎಂದೂ ತೇವ ಕಾಣದಿದ್ದ ಜಾಗದಲ್ಲಿ, ಕಪ್ಪು ಪಟ್ಟಿ ಎದ್ದಿತ್ತು. ಕೆಳಗಿನ ಪ್ಲಾಸ್ಟರನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಪೊಳ್ಳು ಸದ್ದು. ಬಾಗಿಲುವಾಡದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದೆ, ಹಲಸಿನ ಮರ ಹಣ್ಣಿನ ತೊಳೆಯಂತೆ ಒಳಗೆ ಬಿಟ್ಟುಕೊಟ್ಟಿತು. ಅದನ್ನು ಸರಿಪಡಿಸಲು ಮೊದಲಿನ ಖರ್ಚಿನ ಒಂದೂವರೆ ಪಟ್ಟು ಬೇಕಾಯಿತು, ಅದರಲ್ಲಿ ಅರ್ಧವನ್ನು ನಾನೇ ಕೈಯಿಂದ ಹಾಕಿದೆ.

ಆದದ್ದು ಇಷ್ಟೆ. ಜಂಬಿಟ್ಟಿಗೆ ರಂಧ್ರಗಳಿಂದ ತುಂಬಿದ ಕಲ್ಲು, ಮಣ್ಣಿನ ಗಾರೆಯೂ ಹಾಗೆಯೇ. ಎರಡೂ ನೆಲದ ನೀರನ್ನು ಬತ್ತಿ ಎಣ್ಣೆ ಹೀರಿದಂತೆ ಹೀರಿ ಮೇಲಕ್ಕೆ ಏರಿಸುತ್ತವೆ. ಹಳೆಯ ಸುಣ್ಣದ ಗಾರೆ ಆ ನೀರನ್ನು ತಡೆಯುತ್ತಿರಲಿಲ್ಲ, ಬೇಸಗೆಯ ಏಳೆಂಟು ತಿಂಗಳಲ್ಲಿ ಆವಿಯಾಗಿ ಹೊರಹೋಗಲು ಬಿಡುತ್ತಿತ್ತು. ಗೋಡೆ ಮಳೆಗಾಲದಲ್ಲಿ ಒದ್ದೆಯಾಗುವುದು, ಶಿವರಾತ್ರಿಯ ಹೊತ್ತಿಗೆ ಒಣಗುವುದು ಎಂಬ ಕ್ರಮವೇ ಆ ಮನೆಗಳನ್ನು ಅರವತ್ತು, ನೂರು ವರ್ಷ ನಿಲ್ಲಿಸಿದೆ. ಗಟ್ಟಿಯಾದ ಸಿಮೆಂಟ್ ಪ್ಲಾಸ್ಟರ್ ಬಂದಾಗ ನೀರು ಒಳಗೆ ಬರುವ ದಾರಿ ಹಾಗೆಯೇ ಉಳಿದು, ಹೊರಗೆ ಹೋಗುವ ದಾರಿ ಮಾತ್ರ ಮುಚ್ಚಿತು. ಆದ್ದರಿಂದ ನೀರು ದಾರಿ ಹುಡುಕಿ ಮೇಲಕ್ಕೆ ಏರಿತು, ಪಕ್ಕದ ಮರಕ್ಕೆ ಸರಿಯಿತು. ನಿಮ್ಮ ಗೋಡೆಯ ಮೇಲಿರುವ ಬಿಳಿ ಪುಡಿ ಮಣ್ಣಿನಲ್ಲಿರುವ ಲವಣ. ನೀರಿನ ಜೊತೆ ಬಂದು, ನೀರು ಆವಿಯಾದಲ್ಲಿ ಹರಳುಗಟ್ಟುತ್ತದೆ. ಸಿಮೆಂಟಿನ ಹಿಂದೆ ಹರಳುಗಟ್ಟಿದಾಗ ಅದು ಉಬ್ಬಿ ಪ್ಲಾಸ್ಟರನ್ನೇ ಗೋಡೆಯಿಂದ ಎಬ್ಬಿಸುತ್ತದೆ. ನಾನು ಕೇಳಿದ ಪೊಳ್ಳು ಸದ್ದು ಅದರದ್ದು. ನೆಲದ ವಿಷಯದಲ್ಲೂ ಇದೇ ಲೆಕ್ಕ. ಮಣ್ಣಿನ ಮೇಲೆ ಹಾಸಿದ ಹಳೆಯ ರೆಡ್ ಆಕ್ಸೈಡ್ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಕೂರಿಸಿದರೆ ನೆಲದಡಿಯ ತೇವ ಸುತ್ತಲಿನ ಗೋಡೆಗಳ ಪಾಲಾಗುತ್ತದೆ. ಅಷ್ಟು ಚೆಂದದ ನೆಲ ನಿಮ್ಮ ಪಡಸಾಲೆಯಲ್ಲಿದೆ. ಬಿರುಕುಗಳಿಗೆ ತೇಪೆ ಹಾಕಿಸಿ, ತೊಳೆದು, ತೆಂಗಿನೆಣ್ಣೆಯಲ್ಲಿ ಒರೆಸಿಕೊಳ್ಳಿ. ಟೈಲ್ಸಿನ ಹಣ ಉಳಿಯಿತು.

ಹಾಗಾದರೆ ತೇವವೆಲ್ಲ ನೆಲದಿಂದಲೇ ಏರಿದ್ದೇ? ಇಲ್ಲ, ಮತ್ತು ಬಹುಪಾಲು ಹಣ ಪೋಲಾಗುವುದು ಈ ಪ್ರಶ್ನೆಯನ್ನು ಕೇಳದೇ ಕೆಲಸಕ್ಕೆ ಇಳಿಯುವುದರಿಂದ. ಒಂದೇ ಗೋಡೆಯ ಮೇಲೆ ನಾಲ್ಕು ಬಗೆಯ ತೇವ ಇರಬಹುದು. ನೆಲದಿಂದ ಏರಿದ್ದು ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದ ಪಟ್ಟಿಯಾಗಿ, ಮೇಲಂಚಿನಲ್ಲಿ ಲವಣದ ಗೆರೆಯೊಂದಿಗೆ ಕಾಣುತ್ತದೆ. ಮಾಡಿನಿಂದ (ಹಂಚಿನ ಛಾವಣಿಯಿಂದ) ಸೋರಿದ್ದು ಮೇಲಿನಿಂದ ಕೆಳಕ್ಕೆ ನಾಲಗೆಯ ಆಕಾರದಲ್ಲಿ ಇಳಿದಿರುತ್ತದೆ. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿದದ್ದು ಹೊರಗೋಡೆಯ ಬುಡದಲ್ಲಿ ಒಂದೂವರೆ, ಎರಡು ಅಡಿಯಷ್ಟು, ಕೆಂಪು ಮಣ್ಣಿನ ಚುಕ್ಕಿಗಳೊಂದಿಗೆ, ಹಾವಸೆಯೊಂದಿಗೆ ಇರುತ್ತದೆ. ನಾಲ್ಕನೆಯದು ಗಾಳಿಯ ತೇವ: ಮುಚ್ಚಿದ ಕೋಣೆಯಲ್ಲಿ, ಕಪಾಟಿನ ಹಿಂದೆ, ಮಂಚದ ತಲೆದೆಸೆಯಲ್ಲಿ ಚುಕ್ಕಿಚುಕ್ಕಿ ಬೂಷ್ಟು. ಒಂದು ಅಡಿ ಚದರದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅನುಮಾನದ ಜಾಗದಲ್ಲಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಹಾಳೆಯ ಗೋಡೆ ಕಡೆಯ ಮುಖ ಬೆವರಿದ್ದರೆ ನೀರು ಗೋಡೆಯೊಳಗಿನದು. ಕೋಣೆ ಕಡೆಯ ಮುಖ ಬೆವರಿದ್ದರೆ ಗಾಳಿಯದು. ಎಲ್ಲ ಕೋಣೆಗಳಲ್ಲೂ ತೇವದ ಮೇಲಂಚಿಗೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಮೇ ಕೊನೆಗೊಮ್ಮೆ, ಪುನರ್ವಸು ಮಳೆಯಲ್ಲೊಮ್ಮೆ, ದೀಪಾವಳಿಗೊಮ್ಮೆ ಮತ್ತೆ ಗೆರೆ ಎಳೆಯಿರಿ. ಈ ಖರ್ಚಿಲ್ಲದ ಗೆರೆಗಳು ಯಾವ ಯಂತ್ರವೂ ಹೇಳದಷ್ಟನ್ನು ನಿಮಗೆ ಹೇಳುತ್ತವೆ.

ನಿಮ್ಮ ಚಿತ್ರಗಳಲ್ಲಿ ನನಗೆ ಹೆಚ್ಚು ಅನುಮಾನ ಹುಟ್ಟಿಸಿದ್ದು ಏಳನೆಯದು, ಹಿಂಬದಿಯ ಗೋಡೆಯದು. ಅಲ್ಲಿ ಪಂಚಾಂಗದ (ನೆಲದಿಂದ ಮೇಲೆ ಕಾಣುವ ಅಡಿಪಾಯದ) ಕಲ್ಲು ಕಾಣುತ್ತಲೇ ಇಲ್ಲ. ಅರವತ್ತು ವರ್ಷದಲ್ಲಿ ಧರೆಯಿಂದ ಜಾರಿದ ಮಣ್ಣು, ಕೊಳೆತ ದರಗು (ಉದುರಿದ ಎಲೆ), ಯಾರೋ ಎಂದೋ ಹಾಕಿಸಿದ ಜಲ್ಲಿ ಸೇರಿ ಹೊರಗಿನ ನೆಲ ಒಳಗಿನ ನೆಲದ ಮಟ್ಟಕ್ಕೇ ಬಂದಿದೆ. ಆ ಗೋಡೆ ವರ್ಷವಿಡೀ ಒದ್ದೆ ಮಣ್ಣಿಗೆ ಬೆನ್ನು ಕೊಟ್ಟು ನಿಂತಿದೆ. ಇದರ ಮೇಲೆ ಸೂರಿನ ನೀರು. ನಿಮ್ಮ ಮಾಡಿನ ಹರವು, ಸೂರು ಸೇರಿ, ಸುಮಾರು 130 ಚದರ ಮೀಟರ್ ಎಂದಿಟ್ಟುಕೊಳ್ಳಿ. ಒಂದು ದಿನಕ್ಕೆ 100 ಮಿಲಿಮೀಟರ್ ಮಳೆ, ನಿಮ್ಮೂರಲ್ಲಿ ಜುಲೈ ತಿಂಗಳಲ್ಲಿ ಯಾರೂ ಅದನ್ನು ದೊಡ್ಡ ಮಳೆ ಎನ್ನುವುದಿಲ್ಲ, ಬಂದರೆ ಅಂದು ನಿಮ್ಮ ಸೂರಿನಿಂದ ಇಳಿಯುವುದು 13,000 ಲೀಟರ್ ನೀರು. ಅದೆಲ್ಲ ಗೋಡೆಯಿಂದ ಎರಡೂವರೆ ಅಡಿ ದೂರದಲ್ಲಿ ಬೀಳುತ್ತಿದೆ. ಶಿವಮೊಗ್ಗದಲ್ಲಿ ಇದ್ದು ಬಂದವರಿಗೆ ಈ ಲೆಕ್ಕ ಅಂದಾಜಿಗೆ ಸಿಗುವುದಿಲ್ಲ. ನಗರದ ವಾರ್ಷಿಕ ಮಳೆ ಸಾವಿರ ಮಿ.ಮೀ. ಆಸುಪಾಸಿನದು, ಆಗುಂಬೆಯ ಸರಾಸರಿ 7,000 ಮಿ.ಮೀ. ದಾಟುತ್ತದೆ, ನೀವು ಹೋಗಿರುವುದು ಆ ಘಟ್ಟದ ಸಾಲಿನ ಮಗ್ಗುಲಿಗೆ.

ಆದ್ದರಿಂದ ಏಪ್ರಿಲ್‌ನ ಮೊದಲ ಕೆಲಸ ಗುದ್ದಲಿಯದು. ಮನೆಯ ಸುತ್ತ ಪಂಚಾಂಗದ ಕಲ್ಲು ಆರರಿಂದ ಒಂಬತ್ತು ಇಂಚು ಕಾಣುವವರೆಗೆ ಮಣ್ಣು ತೆಗೆಸಿ, ಗೋಡೆಯಿಂದ ಹೊರಕ್ಕೆ ಎರಡು ಮೀಟರಿಗೆ ನಾಲ್ಕೈದು ಸೆಂಟಿಮೀಟರಿನಷ್ಟು ಇಳಿಜಾರು ಕೊಡಿಸಿ, ಸೂರಿನ ನೀರು ಬೀಳುವ ಗೆರೆಯಲ್ಲಿ ಚರಂಡಿ ತೆಗೆದು ದಪ್ಪ ಕಲ್ಲು ತುಂಬಿಸಿ. ಕಲ್ಲಿನ ಮೇಲೆ ಬಿದ್ದ ನೀರು ಸಿಡಿಯುವುದು ಕಡಿಮೆ. ಇಲ್ಲಿ ಒಂದು ಅಪಾಯವಿದೆ, ಗಮನಿಸಿ: ಇಂಥ ಮನೆಗಳ ಅಡಿಪಾಯ ಆಳವಿರುವುದಿಲ್ಲ. ಗೋಡೆಗೆ ತಾಗಿ ಚರಂಡಿ ತೋಡಬಾರದು, ಅಡಿಪಾಯದ ತಳಕ್ಕಿಂತ ಕೆಳಗೆ ಎಲ್ಲಿಯೂ ಹೋಗಬಾರದು, ಜೆಸಿಬಿಯನ್ನು ಅಂಗಳದ ಈ ಭಾಗಕ್ಕೆ ಬಿಡಲೇಬಾರದು. ಇಬ್ಬರು ಆಳು ಒಂದು ವಾರ ಮಾಡುವ ಕೆಲಸವನ್ನು ಜೆಸಿಬಿ ಅರ್ಧ ದಿನದಲ್ಲಿ ಮಾಡುತ್ತದೆ, ನಿಜ. ಅದೇ ಅರ್ಧ ದಿನದಲ್ಲಿ ಮೂಲೆಗಲ್ಲನ್ನೂ ಅಲ್ಲಾಡಿಸುತ್ತದೆ. ಹಿಂಭಾಗದ ಸೂರಿಗೆ ಮಾತ್ರ, ಹಿಂದೆ ಅಡಿಕೆ ಮರದ ದಂಬೆ (ಸೂರಿನ ನೀರು ಹಿಡಿದು ಒಯ್ಯುವ ದೋಣಿ) ಕಟ್ಟುತ್ತಿದ್ದ ಜಾಗದಲ್ಲಿ, ಅಗಲವಾದ ಪಿವಿಸಿ ದಂಬೆ ಕೂರಿಸಿ ನೀರನ್ನು ಪಕ್ಕಕ್ಕೆ ಒಯ್ಯಿರಿ. ಅಂಗಳಕ್ಕೆ ಗೋಡೆಯವರೆಗೂ ಇಂಟರ್‌ಲಾಕ್ ಇಟ್ಟಿಗೆ ಹಾಸಿಸುವ ಆಸೆಯಿದ್ದರೆ ಸದ್ಯ ಬಿಟ್ಟುಬಿಡಿ.

ಧರೆಯ ಬಗ್ಗೆ ನೀವು ಒಂದೇ ವಾಕ್ಯದಲ್ಲಿ ಬರೆದಿದ್ದೀರಿ. ನಾನು ಅದನ್ನು ಅಷ್ಟು ಬೇಗ ದಾಟಲಾರೆ, ಏಕೆಂದರೆ ಒದ್ದೆ ಗೋಡೆ ಖರ್ಚು ತರುತ್ತದೆ, ಕುಸಿದ ಧರೆ ಪ್ರಾಣಕ್ಕೇ ಬರುತ್ತದೆ. ಹನ್ನೆರಡು ಅಡಿ ಎತ್ತರ, ಆರಡಿ ದೂರ ಎಂದರೆ ಕುಸಿದ ಮಣ್ಣು ನೇರ ಗೋಡೆಗೇ ಬಂದು ಬೀಳುವ ಅಂತರ. ಧರೆಯ ನೆತ್ತಿಯ ಮೇಲೆ, ಅಂಚಿನಿಂದ ಒಂದೆರಡು ಮೀಟರ್ ಹಿಂದೆ, ಅಂಚಿಗೆ ಸಮಾನಾಂತರವಾಗಿ ಬಿರುಕು ಇದೆಯೇ, ಅಲ್ಲಿನ ಮರಗಳು ಮನೆ ಕಡೆಗೆ ವಾಲಿವೆಯೇ, ಧರೆಯ ಹೊಟ್ಟೆ ಉಬ್ಬಿದೆಯೇ ಎಂದು ಈಗಲೇ ಹತ್ತಿ ನೋಡಿ. ಮೇಲಿನ ಗುಡ್ಡದ ನೀರು ಧರೆಯ ಮೇಲೆ ಇಳಿಯದಂತೆ ನೆತ್ತಿಯಿಂದ ಹಿಂದೆ ಒಂದು ಅಗಳು (ಕಾಲುವೆ) ತೆಗೆದು ಪಕ್ಕದ ಹಳ್ಳಕ್ಕೆ ತಿರುಗಿಸುವುದು ಅಗ್ಗದ, ಅತ್ಯಂತ ಉಪಯೋಗದ ಕೆಲಸ. ಮೇಲಿನ ಜಾಗ ನೆರೆಯವರದ್ದಾದರೆ ಮೊದಲು ಅವರನ್ನು ಕೇಳಿ. ಹೊಸದಾಗಿ ಬಂದವರು ಗುದ್ದಲಿ ಹಿಡಿದು ಬೇಲಿ ದಾಟುವುದು ಊರಿಗೆ ಹೊಂದಿಕೊಳ್ಳುವ ಒಳ್ಳೆಯ ಆರಂಭವಲ್ಲ. ಧರೆಯ ಮೈಗೆ ಲಾವಂಚ ನೆಟ್ಟರೆ ಮೇಲ್ಮಣ್ಣು ಕೊಚ್ಚುವುದು ಕಡಿಮೆಯಾಗುತ್ತದೆ, ಆದರೆ ಒಳಗಿನಿಂದ ಜಾರುವ ಧರೆಯನ್ನು ಯಾವ ಹುಲ್ಲೂ ಹಿಡಿದು ನಿಲ್ಲಿಸದು. ಕಡಿಮೆ ಹಣದಲ್ಲಿ ಒಂದು ಕಲ್ಲುಗೋಡೆ ಕಟ್ಟಿಸೋಣ ಎನ್ನುವವರು ಸಿಗುತ್ತಾರೆ. ನೀರು ಹೊರಬರುವ ತೂತುಗಳಿಲ್ಲದ, ಹಿಂದೆ ಜಲ್ಲಿ ತುಂಬದ ತೆಳುಗೋಡೆ ತನ್ನ ಹಿಂದೆ ನೀರು ಕಟ್ಟಿಕೊಂಡು, ಧರೆಗಿಂತ ಹೆಚ್ಚಿನ ಭಾರದೊಂದಿಗೆ ಬೀಳುತ್ತದೆ. ಅಂಥದ್ದಕ್ಕಿಂತ ಗೋಡೆಯೇ ಇಲ್ಲದಿರುವುದು ಮೇಲು. ಮಳೆಗಾಲದಲ್ಲಿ ಧರೆಯ ಬುಡದಲ್ಲಿ ಹೊಸದಾಗಿ ಜಲ ಎದ್ದರೆ, ಅದರಲ್ಲೂ ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಆ ರಾತ್ರಿ ಆ ಮನೆಯಲ್ಲಿ ಮಲಗಬೇಡಿ. ಏನೂ ಆಗದಿದ್ದರೂ, ಧರೆ ಕಡೆಯ ಕೋಣೆಯನ್ನು ಸಾಮಾನಿಗೆ ಇಟ್ಟುಕೊಂಡು, ಮಲಗುವುದನ್ನು ಮುಂಭಾಗಕ್ಕೆ ಮಾಡಿಕೊಳ್ಳಿ.

ಇನ್ನು ಮಾಡು. ನಮ್ಮ ಕಡೆ ಈ ಹಂಚಿಗೆ ಮಂಗಳೂರು ಹಂಚು ಎಂಬ ಹೆಸರು ಬರಲು 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ತೆರೆದ ಕಾರ್ಖಾನೆ ಕಾರಣ. ಒಂದಕ್ಕೊಂದು ಕೊಂಡಿಯಂತೆ ಕೂರುವ ಈ ಹಂಚು ಒಡೆಯದಿದ್ದರೆ, ಜಾರದಿದ್ದರೆ, ಇಳಿಜಾರು ಸರಿಯಿದ್ದರೆ ನಿಮ್ಮ ಕಾಲಕ್ಕೂ ಮುಂದಿನವರ ಕಾಲಕ್ಕೂ ಬರುತ್ತದೆ. ಸಾಮಾನ್ಯವಾಗಿ ಕೆಡುವುದು ಹಂಚಲ್ಲ, ಅದರ ಕೆಳಗಿನ ರೀಪು, ಅಂದರೆ ಹಂಚು ಕೂರುವ ಮರದ ಪಟ್ಟಿ. ಹಗಲಿನಲ್ಲಿ ಬಾಗಿಲು ಕಿಟಕಿ ಮುಚ್ಚಿ, ದೀಪ ಆರಿಸಿ, ಐದು ನಿಮಿಷ ಕಣ್ಣು ಹೊಂದಿದ ಮೇಲೆ ಮೇಲೆ ನೋಡಿ. ಬೆಳಕಿನ ಚುಕ್ಕಿ ಕಂಡಲ್ಲೆಲ್ಲ ಹಂಚು ಒಡೆದಿದೆ ಅಥವಾ ಸರಿದಿದೆ. ಆಮೇಲೆ ಏಣಿ ಹಾಕಿ, ಪಕಾಸುಗಳು (ಮಾಡನ್ನು ಹೊರುವ ಓರೆ ತೊಲೆಗಳು) ಗೋಡೆಯ ಮೇಲೆ ಕೂತಿರುವ ತುದಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ನೋಡಿ. ನಡುವೆ ಗಟ್ಟಿಯಾಗಿ ಕಾಣುವ ಪಕಾಸು ಆ ತುದಿಯಲ್ಲೇ ಕೊಳೆತಿರುತ್ತದೆ. ನಿಮ್ಮ ಅಡುಗೆಮನೆಯ ಮಾಡು ಇತ್ತೀಚೆಗೆ ಕೆಟ್ಟಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಸೌದೆ ಒಲೆಯ ಹೊಗೆ ದಿನವೂ ಮಾಡಿನ ಮರವನ್ನು ಒಣಗಿಸುತ್ತಿತ್ತು, ಹುಳುವನ್ನು ದೂರವಿಡುತ್ತಿತ್ತು. ಇಲ್ಲಣ (ಹೊಗೆಯ ಮಸಿ) ಕಟ್ಟಿದ ಆ ಕಪ್ಪು ಪಕಾಸುಗಳು ಕಬ್ಬಿಣದಂತಿರುತ್ತಿದ್ದವು. ಗ್ಯಾಸ್ ಬಂತು, ಆಮೇಲೆ ನಾಲ್ಕು ವರ್ಷ ಬೀಗ ಬಿತ್ತು. ಕಾಯಿಸುವವರಿಲ್ಲದ ಮಾಡು ಹಸಿಯಾಯಿತು.

ನನ್ನ ಆಯ್ಕೆ, ಇಡೀ ಹಂಚನ್ನು ಕೈಯಾಡಿಸಿ, ಕೆಟ್ಟ ರೀಪು ಪಕಾಸುಗಳನ್ನು ಮಾತ್ರ ಬದಲಿಸುವುದು. ನಿಮ್ಮ ಮಾಡಿಗೆ ಸುಮಾರು 2,200 ಹಂಚು ಇರಬೇಕು. ಹೊಸ ಹಂಚು ತರುವಾಗ ಒಂದು ಎಚ್ಚರ: ಒಂದೊಂದು ಕಾರ್ಖಾನೆಯ ಅಚ್ಚಿನಲ್ಲಿ ಕೂದಲೆಳೆಯ ವ್ಯತ್ಯಾಸವಿರುತ್ತದೆ, ಹಳೆಯದರ ನಡುವೆ ಹೊಸದನ್ನು ತೇಪೆಯಂತೆ ಸೇರಿಸಿದರೆ ಕೊಂಡಿ ಕೂರದೆ ಅಲ್ಲೇ ಸೋರುತ್ತದೆ. ಎರಡೂ ಕಡೆಯ ಗಟ್ಟಿ ಹಂಚುಗಳನ್ನು ಒಟ್ಟುಗೂಡಿಸಿ ಮುಂದಿನ ಮಾಡಿಗೆ ಹಾಕಿಸಿ, ಹೊಸದೆಲ್ಲವನ್ನೂ ಹಿಂದಿನ ಮಾಡಿನ ಒಂದೇ ಭಾಗದಲ್ಲಿ ಹಾಕಿಸಿ. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆ ಹೇಳಿ ಬರುವುದಿಲ್ಲವಾದ್ದರಿಂದ ಒಮ್ಮೆಗೆ ಒಂದು ಕಡೆಯ ಮಾಡನ್ನು ಮಾತ್ರ ಬಿಚ್ಚಿಸಿ, ತಾಡಪಾಲು ಸಿದ್ಧವಿರಲಿ. ಮಾಡಿನ ನೆತ್ತಿಯ ಹಂಚನ್ನು ಮತ್ತೆ ಕೂರಿಸುವಾಗ ಗಾರೆ ಬಿಟ್ಟುಕೊಳ್ಳದಂತೆ ಕೆಲಸದವರ ಪಕ್ಕದಲ್ಲೇ ನಿಂತು ನೋಡಿ. ಸೋರಿಕೆಯ ದೂರು ಬಂದ ಮನೆಗಳಲ್ಲಿ ನಾನು ಮೊದಲು ಹತ್ತುವುದು ಅಲ್ಲಿಗೆ. ಜೊತೆಯಲ್ಲೇ ಅಡುಗೆಮನೆಗೆ, ನಡುಮನೆಗೆ ಎರಡೆರಡು ಗಾಜಿನ ಹಂಚು ಹಾಕಿಸಿಕೊಳ್ಳಿ. ಮನೆ ಕತ್ತಲೆ ಎಂಬ ನಿಮ್ಮ ದೂರಿಗೆ ಅದಕ್ಕಿಂತ ಅಗ್ಗದ ಮದ್ದು ನನಗೆ ತಿಳಿದಿಲ್ಲ. ಮಂಗಗಳ ಕಾಟವಿದ್ದರೆ ಮಾತ್ರ ಅವುಗಳನ್ನು ಕೈಗೆಟುಕುವ ಸೂರಿನ ಹತ್ತಿರ ಇಡಬೇಡಿ.

ಶೀಟು ಹೊದೆಸುವುದು ತಪ್ಪೇ ಎಂದರೆ, ಹೇಗೆ ಹೊದೆಸುತ್ತೀರಿ ಎಂಬುದರ ಮೇಲಿದೆ. ಹೊರಗಿನಿಂದ ಪ್ರತ್ಯೇಕ ಕಂಬ ನಿಲ್ಲಿಸಿ, ಹಂಚಿನಿಂದ ಒಂದೂವರೆ ಎರಡು ಅಡಿ ಎತ್ತರದಲ್ಲಿ, ಗಾಳಿ ಆಡುವಂತೆ ಹಾಕಿದ ತಗಡಿನ ಮೇಲ್ಮಾಡು ಮಲೆನಾಡಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದು ನಿಮ್ಮ ನಾಲ್ಕು ಲಕ್ಷದ ಬಹುಪಾಲನ್ನು ನುಂಗುತ್ತದೆ. ನಿಮ್ಮ ಮೇಸ್ತ್ರಿ ಹೇಳಿದಂತೆ ಹಳೆಯ ಪಕಾಸಿಗೇ ಬಿಗಿದರೆ ಕೊಳೆತ ಮರದ ಮೇಲೆ ಹೊಸ ಭಾರ, ಗಾಳಿಗೆ ಎತ್ತುವ ಹೊಸ ರೆಕ್ಕೆ, ಒಳಗೆ ಏನಾಗುತ್ತಿದೆ ಎಂದು ಕಾಣದ ಮುಚ್ಚಳ, ಮೂರೂ ಒಟ್ಟಿಗೆ ಬರುತ್ತವೆ. ಕಲ್ನಾರಿನ ಸಿಮೆಂಟ್ ಶೀಟು ಬೇಡವೇ ಬೇಡ, ಕತ್ತರಿಸುವಾಗ ಏಳುವ ಅದರ ಧೂಳು ಶ್ವಾಸಕೋಶಕ್ಕೆ ಅಪಾಯಕಾರಿ. ಪಿಒಪಿ ಸೀಲಿಂಗ್ ಕೂಡ ಬೇಡ. ಹಂಚಿನಡಿಯ ತೇವಕ್ಕೆ ಅದು ಎರಡು ಮಳೆಗಾಲದಲ್ಲಿ ಜೋಲುತ್ತದೆ, ಇಲಿಗೆ ಅಟ್ಟವಾಗುತ್ತದೆ, ಸೋರಿಕೆಯನ್ನು ಮುಚ್ಚಿಡುತ್ತದೆ. ಕೆಡವಿ ಆರ್‌ಸಿಸಿ ಕಟ್ಟಿ ಎನ್ನುವವರಿಗೆ, ಸಾಗರ ಅಥವಾ ತೀರ್ಥಹಳ್ಳಿಯ ಯಾವುದೇ ಬೀದಿಯಲ್ಲಿ ನಿಂತು, ಎಷ್ಟು ತಾರಸಿಗಳ ಮೇಲೆ ಈಗ ತಗಡಿನ ಮಾಡು ಕೂತಿದೆ ಎಂದು ಎಣಿಸಲು ಹೇಳಿ.

ಒರಲೆಗೆ ಬರೋಣ. ಗೋಡೆಯ ಮೇಲೆ ಮಣ್ಣಿನ ಕೊಳವೆಯಂತೆ ಏರಿರುವುದು ಒರಲೆ. ಮರದಲ್ಲಿ ಸೂಜಿ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಅದು ಕುಟ್ಟೆ ಹುಳು, ಮದ್ದು ಬೇರೆ. ಒರಲೆ ನೆಲದಿಂದ ಬರುತ್ತದೆ, ಅದಕ್ಕೆ ತೇವ ಬೇಕು. ಹೊರಗಿನ ಮಣ್ಣು ಇಳಿಸಿದರೆ ಅರ್ಧ ಕೆಲಸ ಆದಂತೆ. ಉಳಿದ ಅರ್ಧಕ್ಕೆ, ನೆಲ ಮತ್ತು ಗೋಡೆ ಸೇರುವಲ್ಲಿ ಒಂದೊಂದು ಅಡಿಗೆ ತೂತು ಕೊರೆದು ಇಮಿಡಾಕ್ಲೋಪ್ರಿಡ್ ಅಥವಾ ಕ್ಲೋರ್‌ಪೈರಿಫಾಸ್ ದ್ರಾವಣ ತುಂಬುವುದು ರೂಢಿ; ಕಟ್ಟಿದ ಮನೆಗಳಿಗೆ ಇದರ ಕ್ರಮವನ್ನು ಭಾರತೀಯ ಮಾನಕ ಐಎಸ್ 6313ರ ಮೂರನೆಯ ಭಾಗ ಹೇಳುತ್ತದೆ. ಪರವಾನಗಿ ಇರುವವರಿಂದಲೇ ಮಾಡಿಸಿ, ಅತ್ತೆಯವರು ಮನೆಗೆ ಬರುವ ಮೊದಲೇ ಮಾಡಿಸಿ, ಬಾವಿ ಇರುವ ಬದಿಯಲ್ಲಿ ಈ ಔಷಧ ನೆಲಕ್ಕೆ ಇಳಿಯಲು ಬಿಡಬೇಡಿ. ನಿಮ್ಮ ಚಿತ್ರದಲ್ಲಿ ಬಾವಿ ಬಚ್ಚಲಿನ ಗೋಡೆಗೆ ಹತ್ತು ಹೆಜ್ಜೆಯೂ ಇಲ್ಲ. ಆ ಮಗ್ಗುಲಿನ ಬಾಗಿಲುವಾಡವನ್ನು ಔಷಧಕ್ಕಿಂತ ಬದಲಿಸುವುದೇ ಸರಿ, ಬುಡದಲ್ಲಿ ಕಲ್ಲಿನ ತುಂಡು ಕೊಟ್ಟು ಮರವನ್ನು ನೆಲದಿಂದ ಮೂರು ಇಂಚು ಎತ್ತರಿಸಿ ಕೂರಿಸಿ.

ನೀವು ಪತ್ರದಲ್ಲಿ ಬರೆಯದೇ ಇದ್ದದ್ದು ವಯರಿಂಗ್. ಒಂಬತ್ತನೆಯ ಚಿತ್ರದ ಮೂಲೆಯಲ್ಲಿ ಮರದ ಪಟ್ಟಿಯ ಮೇಲಿನ ಹಳೆಯ ಎರಡು ತಂತಿಯ ವಯರಿಂಗ್ ಕಾಣುತ್ತದೆ, ಅರ್ಥಿಂಗ್ ಕಾಣುವುದಿಲ್ಲ. ಒದ್ದೆ ಗೋಡೆಯ ಮನೆಯಲ್ಲಿ ಇದು ಹಂಚಿಗಿಂತ ತುರ್ತಿನದು. ಹೊಸ ತಾಮ್ರದ ತಂತಿ, ಹೊಸ ಅರ್ಥಿಂಗ್ ಗುಂಡಿ, ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್), ಇವು ಮೂರನ್ನು ಬಿಟ್ಟುಕೊಡಬೇಡಿ. ಗೋಡೆ ಕೊರೆದು ಪೈಪು ಹುಗಿಸುವ ಷೋಕಿ ಬೇಡ, ಮಣ್ಣಿನ ಗಾರೆಯ ಗೋಡೆ ಅದಕ್ಕೆ ಹೇಳಿದ್ದಲ್ಲ. ಮೇಲೆಯೇ ಪಿವಿಸಿ ಪೈಪು ಓಡಿಸಿದರೆ ಖರ್ಚೂ ಕಡಿಮೆ, ಮುಂದೆ ದುರಸ್ತಿಯೂ ಸುಲಭ. ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಮಾಡಿಸಿ, ವಿದ್ಯುತ್ ಕಂಪನಿ ಮೆಸ್ಕಾಂಗೆ ಕೊಡಬೇಕಾದ ಪರೀಕ್ಷಾ ವರದಿಯನ್ನು ಅವರಿಂದಲೇ ಪಡೆದುಕೊಳ್ಳಿ.

ಹಣದ ಹಂಚಿಕೆ ನಾನಾದರೆ ಹೀಗೆ ಮಾಡುತ್ತೇನೆ: ಮಾಡಿಗೆ ಒಂದು ಲಕ್ಷ ನಲವತ್ತು ಸಾವಿರ, ವಯರಿಂಗಿಗೆ ಎಪ್ಪತ್ತು ಸಾವಿರ, ಮಣ್ಣು, ಚರಂಡಿ, ಧರೆಯ ಮೇಲಿನ ಅಗಳಿಗೆ ಅರವತ್ತು ಸಾವಿರ, ಒರಲೆ ಮತ್ತು ಬಾಗಿಲುವಾಡಕ್ಕೆ ಇಪ್ಪತ್ತೈದು ಸಾವಿರ, ಬಚ್ಚಲು ಮತ್ತು ಕಕ್ಕಸಿನ ತೀರಾ ಅಗತ್ಯದ ದುರಸ್ತಿಗೆ ನಲವತ್ತೈದು ಸಾವಿರ. ಉಳಿಯುವ ಅರವತ್ತು ಸಾವಿರವನ್ನು ಬ್ಯಾಂಕಿನಲ್ಲಿಟ್ಟು ದೀಪಾವಳಿಯವರೆಗೆ ಮರೆತುಬಿಡಿ. ಇದು ಚಿತ್ರ ನೋಡಿ ಹಾಕಿದ ಅಂದಾಜು. ಪಕಾಸುಗಳ ತುದಿ ನೋಡಿದ ಮೇಲೆ ಮಾಡಿನ ಪಾಲು ಏರಬಹುದು, ಆಗ ಬಚ್ಚಲಿನದನ್ನು ಮುಂದೂಡಿ, ವಯರಿಂಗಿನದನ್ನು ಮುಟ್ಟಬೇಡಿ. ಗೋಡೆಯೊಳಕ್ಕೆ ರಾಸಾಯನಿಕ ಚುಚ್ಚಿ ತೇವ ನಿಲ್ಲಿಸುತ್ತೇವೆ ಎಂದು ಬರುವವರಿಗೆ ಇದರಲ್ಲಿ ಪಾಲಿಲ್ಲ. ಒಂದೂವರೆ ಅಡಿ ದಪ್ಪದ, ಒಳಗೆ ಪೊಳ್ಳು, ಮಣ್ಣು, ಕಲ್ಲುಚೂರು ಬೆರೆತ ಗೋಡೆಯಲ್ಲಿ ಆ ಔಷಧ ಸಮನಾಗಿ ಹರಡಿದ್ದನ್ನು ನಾನು ಕಂಡಿಲ್ಲ.

ಅತ್ತೆಯವರ ಔಷಧೋಪಚಾರ ವೈದ್ಯರದು. ಮನೆ ಕಡೆಯಿಂದ ಮಾಡಬಹುದಾದದ್ದನ್ನು ಹೇಳುತ್ತೇನೆ. ಬೂಷ್ಟನ್ನು ಒಣ ಪೊರಕೆಯಿಂದ ಗುಡಿಸಬಾರದು, ಅದರ ಬೀಜಕಣ ಇಡೀ ಮನೆಗೆ ಹರಡುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿ, ಸಾಬೂನು ನೀರಿನ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬ್ಲೀಚಿಂಗ್ ದ್ರಾವಣವನ್ನು ಕಕ್ಕಸು ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಪೂರ್ವ ಮುಖದ, ಜಗಲಿಗೆ ತೆರೆದುಕೊಳ್ಳುವ ಕೋಣೆಯನ್ನು ಅವರಿಗೆ ಕೊಡಿ, ಮಂಚ ಗೋಡೆಯಿಂದ ಒಂದು ಗೇಣು ದೂರವಿರಲಿ. ನಾಲ್ಕು ತಿಂಗಳ ಮಳೆಯಲ್ಲಿ ಮನೆಯೊಳಗಿನ ತೇವಕ್ಕೆ ದೊಡ್ಡ ಕಾರಣ ಒಳಗೆ ಹರವಿದ ಒದ್ದೆ ಬಟ್ಟೆ. ಬಚ್ಚಲ ಹಂಡೆಯ ಒಲೆಯ ಮೇಲೆ ಬಿದಿರಿನ ಗಳು ಕಟ್ಟಿ ಬಟ್ಟೆ ಒಣಗಿಸುವ ಹಳೆಯ ಪದ್ಧತಿಗೆ ನಿಮ್ಮ ಬಚ್ಚಲಿನಲ್ಲಿ ಜಾಗವಿದೆ, ಆ ಒಲೆಯನ್ನು ಕಿತ್ತು ಗೀಸರ್ ಕೂರಿಸುವ ಮೊದಲು ಇನ್ನೊಮ್ಮೆ ಯೋಚಿಸಿ.

ಒಕ್ಕಲಾಗಬಹುದೇ ಎಂದು ಕೇಳಿದ್ದೀರಿ. ಮೃಗಶಿರಾ ಮಳೆ ಹಿಡಿಯುವ ಜೂನ್ ಮೊದಲ ವಾರದೊಳಗೆ ಮಾಡು, ವಯರಿಂಗ್, ಚರಂಡಿ ಮುಗಿದಿದ್ದರೆ, ಧರೆಯಲ್ಲಿ ಬಿರುಕು ಕಾಣದಿದ್ದರೆ, ಧಾರಾಳವಾಗಿ ಹೋಗಿ. ಗೋಡೆಗಳು ಈಗಿರುವ ಮೈಯಲ್ಲೇ ಇರಲಿ. ಸಡಿಲವಾದದ್ದನ್ನು ಉದುರಿಸಿ ಲವಣವನ್ನು ಒಣ ಬ್ರಷ್‌ನಿಂದ ತೆಗೆದು ಹೊರಗೆ ಎಸೆದರೆ ಸಾಕು, ನೀರು ಹಾಕಿ ತೊಳೆದರೆ ಅದು ಮತ್ತೆ ಒಳಗೇ ಹೋಗುತ್ತದೆ. ಬೂಷ್ಟು, ಲವಣ ಎರಡೂ ಇರುವ ಕಡೆ ಮೊದಲು ಬೂಷ್ಟನ್ನು ಹಿಂಡಿದ ಬಟ್ಟೆಯಲ್ಲಿ ಒರೆಸಿ, ಗೋಡೆ ಒಣಗಿದ ಮೇಲೆ ಬ್ರಷ್ ಹಿಡಿಯಿರಿ. ನೆಂಟರು ಬಂದು ಇದೇನು ಹೀಗೆ ಎಂದರೆ ಮನೆ ಒಣಗುತ್ತಿದೆ ಎನ್ನಿ. ನವೆಂಬರ್‌ನಲ್ಲಿ ಪೆನ್ಸಿಲ್ ಗೆರೆಗಳನ್ನು ನೋಡಿ, ತೇವ ಇಳಿದ ಕೋಣೆಗಳಿಂದ ಶುರುಮಾಡಿ, ಒಂದಕ್ಕೆ ಮೂರು ಮರಳು ಬೆರೆಸಿದ ಸುಣ್ಣದ ಗಾರೆ ಮಾಡಿಸಬಹುದು. ಸುಣ್ಣ ಗಾಳಿ ಕುಡಿದು ನಿಧಾನಕ್ಕೆ ಗಟ್ಟಿಯಾಗುವಂಥದ್ದು, ಮಳೆಗಾಲದಲ್ಲಿ ಹಚ್ಚಿದರೆ ಹಿಡಿಯುವುದಿಲ್ಲ. ಈ ಕಾರಣಕ್ಕೂ ಈಗ ಅವಸರ ಬೇಡ ಎಂದೆ. ಸುಟ್ಟ ಸುಣ್ಣಕ್ಕೆ ನೀರು ಹಾಕುವಾಗ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಆದ್ದರಿಂದ ಕಣ್ಣು ಮುಚ್ಚುವ ರಕ್ಷಣಾ ಕನ್ನಡಕ ಹಾಕಿದವರೇ ಮಾಡಲಿ. ಕರಾವಳಿ ಕಡೆಯ ಚಿಪ್ಪಿನ ಸುಣ್ಣ ಸಿಕ್ಕರೆ ಉತ್ತಮ. ಅಕ್ಟೋಬರ್ ಹೊತ್ತಿಗೇ ಹೇಳಿ ತರಿಸಿ, ಅರಳಿಸಿದ ಸುಣ್ಣವನ್ನು ಡ್ರಮ್ಮಿನಲ್ಲಿ, ನೀರಿನಲ್ಲಿ ಮುಳುಗುವಂತೆ, ಕನಿಷ್ಠ ಎರಡು ವಾರ ಬಿಡಿ, ಮೇಲೆ ಮುಚ್ಚಳವಿರಲಿ.